ಗುಣಕದ ಹಿಂದಿನ ಕಾರಣವೂ ದಾಖಲಾಗಲಿ

ಮಾತ್ರೆಯೊಂದರಲ್ಲಿ ಲೇಬಲಿನ ಮೇಲೆ ಬರೆದಷ್ಟು ಮದ್ದು ನಿಜವಾಗಿಯೂ ಉಂಟೋ ಇಲ್ಲವೋ ಎಂಬುದನ್ನು ನಿರ್ಣಯಿಸುವ ಭಾರವನ್ನು ಬೆಂಗಳೂರಿನಂಥ ಊರುಗಳ ಔಷಧ ಪ್ರಯೋಗಶಾಲೆಗಳಲ್ಲಿ ಇಂದು ಬಹುಮಟ್ಟಿಗೆ ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರವೂ ಅದಕ್ಕೆ ಜೋಡಿಸಿದ ಸಾಫ್ಟ್‌ವೇರೂ ಹೊತ್ತಿವೆ. ಆದರೆ ಯಂತ್ರದ ಪಾಲಿಗೆ ಬರುವುದು ಮಾತ್ರೆಯನ್ನು ಪುಡಿಮಾಡಿ, ಕರಗಿಸಿ, ಸೋಸಿ, ತೆಳುಗೊಳಿಸಿದ ದ್ರಾವಣದ ಒಂದೆರಡು ಹನಿ ಮಾತ್ರ. ಆ ಹನಿಯಿಂದ ಮಾತ್ರೆಗೆ ಮರಳುವ ಲೆಕ್ಕವು ಮಲ್ಟಿಪ್ಲೈಯರ್, ಡೈಲ್ಯೂಷನ್ ಫ್ಯಾಕ್ಟರ್ ಎಂಬ ಚಿಕ್ಕ ಕಲಮುಗಳನ್ನು ಹಾದೇ ನಡೆಯತಕ್ಕದ್ದಾದುದರಿಂದ, ಅಲ್ಲಿ ಮನುಷ್ಯನು ಕೈಯಾರೆ ತುಂಬುವ ಅಂಕಿಗಳಿಗೆ ಈಗ ಸಲ್ಲುತ್ತಿರುವ ಗಮನವು ಏನೇನೂ ಸಾಲದೆಂದು ನನ್ನ ದೃಢವಾದ ಅಭಿಪ್ರಾಯ.

500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಮಾತ್ರೆಯನ್ನೇ ತೆಗೆದುಕೊಳ್ಳೋಣ. 20 ಮಾತ್ರೆಗಳನ್ನು ತೂಗಿ, ಸರಾಸರಿ ತೂಕ 600 ಮಿಲಿಗ್ರಾಂ ಎಂದು ಕಂಡು, ಪುಡಿಮಾಡಿ, ಅದರಲ್ಲಿ 120 ಮಿಲಿಗ್ರಾಮನ್ನು 100 ಮಿಲಿಲೀಟರಿನ ಫ್ಲಾಸ್ಕಿನಲ್ಲಿ ಕರಗಿಸಿ, ಅದರಿಂದ 5 ಮಿಲಿಲೀಟರನ್ನು ಪಿಪೆಟ್ಟಿನಲ್ಲಿ ಎತ್ತಿ 50ಕ್ಕೆ ತುಂಬಿಸಿದಾಗ, ಯಂತ್ರವು ಮಿಲಿಲೀಟರಿಗೆ 0.0985 ಮಿಲಿಗ್ರಾಂ ಎಂದು ತೋರಿಸಿತೆನ್ನಿ. ತೆಳುಗೊಳಿಸಿದುದಕ್ಕೆ 10, ಫ್ಲಾಸ್ಕಿನ ಗಾತ್ರಕ್ಕೆ 100, ತೂಕದ ಅನುಪಾತಕ್ಕೆ 5. ಇಷ್ಟರಿಂದ ಗುಣಿಸಿದರೆ ಮಾತ್ರೆಯಲ್ಲಿ 492.5 ಮಿಲಿಗ್ರಾಂ, ಅಂದರೆ ಲೇಬಲಿನ 98.5 ಶತಾಂಶ.

ಇಲ್ಲಿ 10ನ್ನು ಮರೆತವನ ತಪ್ಪು ಒಡನೆಯೇ ಬಯಲಾಗುತ್ತದೆ. 49 ಮಿಲಿಗ್ರಾಮನ್ನು ಯಾರೂ ನಂಬರು. ಭಯಪಡಬೇಕಾದುದು ಸಣ್ಣ ಗುಣಕಗಳ ವಿಷಯದಲ್ಲಿ. ಹೋಲಿಕೆಗೆ ಬಳಸಿದ ಸ್ಟ್ಯಾಂಡರ್ಡಿನ ಶುದ್ಧತೆ 96 ಶತಾಂಶವಿರುವಾಗ ಆ 0.96ನ್ನು ನಮೂದಿಸದೆ ಬಿಟ್ಟರೆ, ವಾಸ್ತವವಾಗಿ 93 ಶತಾಂಶ ಮದ್ದಿರುವ ಮಾತ್ರೆಯು ವರದಿಯಲ್ಲಿ 96.9 ಆಗಿ, 95ರ ಕೆಳಮಿತಿಯನ್ನು ನಿರಾಯಾಸವಾಗಿ ದಾಟಿ ರೋಗಿಯ ಕೈಸೇರುತ್ತದೆ. ಆ 0.96ನ್ನೇ ಸ್ಟ್ಯಾಂಡರ್ಡಿನ ಸಾಂದ್ರತೆಯಲ್ಲೊಮ್ಮೆ, ಮಲ್ಟಿಪ್ಲೈಯರಿನಲ್ಲಿ ಮತ್ತೊಮ್ಮೆ ಸೇರಿಸಿದರೆ 98.5ರ ಒಳ್ಳೆಯ ಮಾತ್ರೆ 94.6ಕ್ಕಿಳಿದು ನಿಷ್ಕಾರಣವಾಗಿ ತಿರಸ್ಕೃತವಾಗುತ್ತದೆ. ಎರಡು ವರದಿಗಳೂ ನೋಟಕ್ಕೆ ನಿರ್ದುಷ್ಟವಾಗಿಯೇ ಇರುತ್ತವೆ.

ಕಲಮುಗಳ ವರ್ತನೆಯೂ ಎಲ್ಲೆಡೆ ಏಕರೂಪವಲ್ಲ. ಎಂಪವರ್ ಸಾಫ್ಟ್‌ವೇರಿನಲ್ಲಿ ಡೈಲ್ಯೂಷನ್ ಗುಣಿಸುತ್ತದೆ, ಸ್ಯಾಂಪಲ್ ತೂಕ ಭಾಗಿಸುತ್ತದೆ. ಮತ್ತೊಂದರ ಅಭ್ಯಾಸವನ್ನು ಇಲ್ಲಿಗೆ ಹೊತ್ತುತಂದವನು ಎಡವುವುದು ಅಸಹಜವಲ್ಲ. ಯಾರು, ಎಂದು, ಯಾವ ಅಂಕಿಯನ್ನು ಬದಲಿಸಿದರೆಂಬ ಜಾಡು ಉಳಿಯಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 1997ರಲ್ಲೇ ವಿಧಿಸಿತಾದರೂ, ದಾಖಲಾದ ಅಂಕಿಯು ಫ್ಲಾಸ್ಕಿನಲ್ಲಿ ನಡೆದುದಕ್ಕೆ ಸರಿಹೊಂದುವುದೇ ಎಂಬುದನ್ನು ಯಾವ ಜಾಡೂ ಹೇಳಲಾರದು.

ಆದುದರಿಂದ ಕ್ಯಾಲ್ಕುಲೇಟರಿನಲ್ಲಿ ಗುಣಿಸಿಕೊಂಡು 5000 ಎಂದು ಒಂದೇ ಅಂಕಿಯನ್ನು ತುಂಬುವ ರೂಢಿಯು ನಿಲ್ಲಬೇಕು. 10, 100, 5, 0.96 ಎಂಬಿವು ತಮ್ಮ ತಮ್ಮ ಕಾರಣದೊಡನೆ ಬೇರೆಬೇರೆಯಾಗಿ ವರದಿಯಲ್ಲಿ ಮುದ್ರಿತವಾಗಬೇಕು. ಹೊಸ ವಿಧಾನವೊಂದು ಬಳಕೆಗೆ ಬರುವ ಮುನ್ನ, ಅಂಕಿಗಳನ್ನು ತುಂಬಿದವರಲ್ಲದ ಇನ್ನೊಬ್ಬರು ಒಂದು ಸ್ಯಾಂಪಲಿನ ಲೆಕ್ಕವನ್ನು ತೂಕದ ಚೀಟಿಯಿಂದ ಮೊದಲುಮಾಡಿ ಕೊನೆಯ ಶತಾಂಶದವರೆಗೆ ಕಾಗದದ ಮೇಲೆ ಕೈಯಿಂದಲೇ ಮಾಡಿ ಸಹಿಹಾಕಬೇಕು.