ಗಡ್ಡೆಗೆ ಕ್ರೀಮ್ ಮದ್ದಲ್ಲ

ಮಾರಿಕುಪ್ಪಂನಿಂದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರಿಗೆ ಆಸ್ಪತ್ರೆಗೆಂದು ಒಂದು ದಿನ ರಜೆ ಹಾಕುವುದೂ ಕಷ್ಟವೇ. ಹಾಗಾಗಿ ಗರ್ಭಕೋಶದ ಗಡ್ಡೆಗೆ, ಅಂದರೆ ಫೈಬ್ರಾಯ್ಡಿಗೆ, ಪ್ರೊಜೆಸ್ಟರಾನ್ ಕ್ರೀಮ್ ಹಚ್ಚಿದರೆ ಸಾಕು ಎಂಬ ಮಾತು ಬೇಗ ಹಿಡಿಸುತ್ತದೆ. ದಯವಿಟ್ಟು ನಂಬಬೇಡಿ. ಗಡ್ಡೆಯನ್ನು ಬೆಳೆಸುವುದು ಈಸ್ಟ್ರೋಜನ್ ಒಂದೇ ಅಲ್ಲ, ಪ್ರೊಜೆಸ್ಟರಾನ್ ಕೂಡ ಅದಕ್ಕೆ ಗೊಬ್ಬರ. ಪ್ರೊಜೆಸ್ಟರಾನನ್ನು ತಡೆಯುವ ಔಷಧಿ ಕೊಟ್ಟಾಗ ಗಡ್ಡೆ ಕುಗ್ಗುತ್ತದೆ. ಹಾಗಿರುವಾಗ ಅದೇ ಹಾರ್ಮೋನನ್ನು ಮೈಗೆ ಉಜ್ಜುವುದೇಕೆ?

ಇದಕ್ಕೆ ನಾಚಿಕೆಯೂ ಕಾರಣ. ಹಝ್ರತ್ ಫಾತಿಮಾ ಬಿಂತ್ ಅಬೀ ಹುಬೈಶ್(ರ) ತಮ್ಮ ನಿಲ್ಲದ ರಕ್ತಸ್ರಾವದ ಬಗ್ಗೆ ಪ್ರವಾದಿಯವರನ್ನೇ(ಸ) ಕೇಳಿದರು. ಅದು ಮುಟ್ಟಲ್ಲ, ರಕ್ತನಾಳದ್ದು ಎಂಬ ಉತ್ತರ ಸಿಕ್ಕಿದ್ದು ಬುಖಾರಿಯಲ್ಲಿದೆ. ಹನಫೀ ಮದ್‌ಹಬ್‌ನಲ್ಲಿ ಹೈಝ್‌ಗೆ 10 ದಿನವೇ ಮಿತಿ, ಮೀರಿದರೆ ಇಸ್ತಿಹಾಝ. ನಮಾಝಿಗಾಗಿ ದಿನ ಎಣಿಸುವ ತಾಯಂದಿರು ಆ ಲೆಕ್ಕವನ್ನು ವೈದ್ಯರಿಗೂ ಹೇಳಲಿ. ಅವರ ಲೆಕ್ಕ ಇನ್ನೂ ಬಿಗಿ: 7 ದಿನ ಮೀರಿದರೆ ಹಿಮೋಗ್ಲೋಬಿನ್ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಬೇಕು.

ಗಡ್ಡೆ ಎಂದೊಡನೆ ಗರ್ಭಕೋಶ ತೆಗೆಯಬೇಕೆಂದಿಲ್ಲ. ರಕ್ತಸ್ರಾವ ತಗ್ಗಿಸುವ ಮಾತ್ರೆಗಳಿವೆ, ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್ ಇದೆ. ಮುಟ್ಟು ನಿಂತ ಮೇಲೆ ಹೆಚ್ಚಿನವು ತಾವಾಗಿಯೇ ಕುಗ್ಗುತ್ತವೆ. ಗಂಡಸರೇ, ಆ ಒಂದು ದಿನದ ರಜೆ ಹಾಕಿ, ಜೊತೆಗೆ ಹೋಗಿ.