ಕಾಡು ಮುಚ್ಚಿತು, ಆವಿಗೆ ಮೇವು ಎಲ್ಲಿಂದ?

ಕಂಬಂ: ತೇನಿ ಜಿಲ್ಲೆಯ ಮಲೆಮಾಡು ಸಾಕುವವರ ಮುಂದೆ ಈಗ ಇರೋದು ಒಂದೇ ಪ್ರಶ್ನೆ. ಬೆಟ್ಟದ ಮೇವು ಇಲ್ಲವಾದರೆ ದನ ಉಳಿಸೋದು ಹೇಗೆ? ಹೊಲದಲ್ಲಿ ಕುದುರೆ ಮಸಾಲೆ, ವೇಲಿ ಮಸಾಲ್ ಬೆಳೆದು ಹಾಕಿ ಎಂಬ ಸಲಹೆ ಪದೇ ಪದೇ ಕೇಳಿಬರುತ್ತದೆ. ಸಲಹೆ ಒಳ್ಳೆಯದೇ. ಆದರೆ ಅದು ಯಾರಿಗೆ ಎಷ್ಟು ದಕ್ಕುತ್ತದೆ ಅನ್ನೋದನ್ನು ಲೆಕ್ಕ ಹಾಕಿ ನೋಡಬೇಕು.

ಶ್ರೀವಿಲ್ಲಿಪುತ್ತೂರು-ಮೇಘಮಲೈ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾದದ್ದು 2021ರ ಫೆಬ್ರವರಿಯಲ್ಲಿ. 2022ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ಎಲ್ಲ ಕಾಡುಗಳಲ್ಲೂ ಸಾಕುದನ ಮೇಯಿಸುವುದನ್ನು ನಿಷೇಧಿಸಿತು. ಅದೇ ತಿಂಗಳು ಆದೇಶ ತಿದ್ದಿ, ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಸಂರಕ್ಷಿತ ಪ್ರದೇಶಗಳಿಗೆ ಮಾತ್ರ ಸೀಮಿತಗೊಳಿಸಿತು. ತೇನಿಯವರಿಗೆ ಇದರಿಂದ ದೊಡ್ಡ ಸಮಾಧಾನವೇನೂ ಸಿಗಲಿಲ್ಲ. ಅವರ ಹಳೇ ಮೇವಿನ ದಾರಿಗಳಲ್ಲಿ ಹಲವು ಇರೋದು ಮೇಘಮಲೈ ಕಡೆಗೇ.

ನಮ್ಮ ನಾಡಿನಲ್ಲೂ ಇದೇ ಮಾತು ಎದ್ದಿತು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ವಿಷವಿಟ್ಟ ಹಸುವಿನ ಮಾಂಸ ತಿಂದು ತಾಯಿ ಹುಲಿ, ನಾಲ್ಕು ಮರಿ ಸತ್ತವು. ಆ ಬಳಿಕ ಕಾಡಿನಲ್ಲಿ, ಅದರಲ್ಲೂ ನೆರೆರಾಜ್ಯದ ದನ ಮೇಯಿಸುವುದನ್ನು ತಡೆಯಲು ಕರ್ನಾಟಕದ ಅರಣ್ಯ ಸಚಿವರು ಸೂಚಿಸಿದರು.

ಬರೀ ಹಾಲಿನ ವಿಷಯವಲ್ಲ

ಕಂಬಂ ಕಣಿವೆಯ ಕನ್ನಡ ಮಾತಿನ ಕಪ್ಪಿಲಿಯರಿಗೆ ದನ ಎಂದರೆ ಹಾಲಿನ ಲೆಕ್ಕ ಮಾತ್ರ ಅಲ್ಲ. 1906ರ ಮಧುರೆ ಗೆಝೆಟಿಯರ್‌ನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಇವರ 'ದೇವರ ಆವು' ಮಂದೆಯ ಬಗ್ಗೆ ಬರೆದಿದ್ದಾರೆ. ಆ ಹಸುಗಳ ಹಾಲು ಕರೆಯುವಂತಿಲ್ಲ, ಸತ್ತರೆ ಹೂಳಬೇಕು. ಮಂದೆಯ ನಾಯಕ 'ಪಟ್ಟದ ಆವು'. ಕಬ್ಬು ಮುಂದಿಟ್ಟಾಗ ಯಾವುದು ಬಂದು ತಿನ್ನುತ್ತದೋ ಅದಕ್ಕೇ ಪಟ್ಟ. ಕಂಬದ ನಂದಗೋಪಾಲನ್ ತಂಬಿರಾನ್ ಮಾಟ್ಟು ತೊಳುವಂ ಈ ನಂಬಿಕೆಯ ನೆಲೆ.

ಬೆಟ್ಟದ ಮಂದೆಗಳಿಂದ ಬರುವ ಮುಖ್ಯ ಆದಾಯ ಗೊಬ್ಬರ. ಹಾಲು ಕಡಿಮೆ, ಆದ್ದರಿಂದ ದುಡ್ಡು ಕೊಟ್ಟು ಹಿಂಡಿ, ಬೂಸಾ ಹಾಕಿದರೆ ಗಿಟ್ಟೋದಿಲ್ಲ.

ಮಸಾಲೆಯ ಬಲ, ಮಿತಿ

ಪಂಜಾಬ್, ಹರಿಯಾಣದಲ್ಲಿ ಚಳಿಗಾಲಕ್ಕೆ ಬರ್ಸೀಮ್ ಎಂಬ ಕ್ಲೋವರ್ ಬೆಳೆಯುತ್ತಾರೆ. ಕಂಬಂ ಕಣಿವೆಯಲ್ಲಿ ಅಷ್ಟು ಚಳಿ ಇಲ್ಲ. ಇಲ್ಲಿಗೆ ಒಗ್ಗುವುದು ಅದೇ ದ್ವಿದಳ ಜಾತಿಯ ಕುದುರೆ ಮಸಾಲೆ ಮತ್ತು ವೇಲಿ ಮಸಾಲ್. ಒಣ ತೂಕದ ಲೆಕ್ಕದಲ್ಲಿ ಕುದುರೆ ಮಸಾಲೆಯಲ್ಲಿ ಶೇ 18ರಿಂದ 20ರಷ್ಟು ಪ್ರೋಟೀನ್ ಇದೆ. ಭತ್ತದ ಹುಲ್ಲಿನಲ್ಲಿ ಇರೋದು ಶೇ 3-4 ಮಾತ್ರ. ಎಕರೆಗೆ 8 ಕೆ.ಜಿ. ಬೀಜ ಸಾಕು. ಮೊದಲ ಕೊಯ್ಲು 75-80 ದಿನಕ್ಕೆ, ಆಮೇಲೆ ಮೂರು-ನಾಲ್ಕು ವಾರಕ್ಕೊಮ್ಮೆ. ನೀರು ನಿಲ್ಲುವ ಜಮೀನು ಆಗದು. ವೇಲಿ ಮಸಾಲ್ ಮೊದಲ ಕೊಯ್ಲಿಗೆ 90 ದಿನ, ನಂತರ 40 ದಿನಕ್ಕೊಮ್ಮೆ.

ಒಂದು ಎಚ್ಚರಿಕೆ. ಹಸಿದ ದನವನ್ನು ಬೆಳಗಿನ ಇಬ್ಬನಿಯ ಮಸಾಲೆಗೆ ಬಿಟ್ಟರೆ ಹೊಟ್ಟೆ ಉಬ್ಬರಿಸಿ ಸಾಯಲೂಬಹುದು. ಮೊದಲು ಒಣಹುಲ್ಲು ಹಾಕಿ, ಸೊಪ್ಪನ್ನು ಬಾಡಿಸಿ ಕೊಡಬೇಕು. ಒಟ್ಟು ಹಸಿಮೇವಿನಲ್ಲಿ ಮೂರರಲ್ಲೊಂದು ಪಾಲು ಮೀರಬಾರದು.

ಈಗ ಲೆಕ್ಕ. ಚೆನ್ನಾಗಿ ನೀರುಣಿಸಿದ ಒಂದು ಎಕರೆ ವರ್ಷಕ್ಕೆ 30 ಟನ್ ಸೊಪ್ಪು ಕೊಟ್ಟಿತು ಅನ್ನೋಣ. ದಿನಕ್ಕೆ ಸುಮಾರು 80 ಕೆ.ಜಿ. ಆಯಿತು. ತಲೆಗೆ 5 ಕೆ.ಜಿ. ಪೂರಕವಾಗಿ ಹಾಕಿದರೂ 16 ದನಕ್ಕಷ್ಟೇ ಸಾಕು. ನೂರು ದನದ ಮಂದೆಗೆ ಆರು ಎಕರೆಗೂ ಹೆಚ್ಚು ಬೇಕು, ಅದೂ ಪೂರಕಕ್ಕೆ ಮಾತ್ರ. ಹೊಟ್ಟೆ ತುಂಬಲು ಇನ್ನೂ ದಿನಕ್ಕೆ ಸುಮಾರು 400 ಕೆ.ಜಿ. ಒಣಮೇವು ಹೊಂದಿಸಬೇಕು. ಮುಲ್ಲೈಪೆರಿಯಾರ್ ನೀರು ಕುಡಿಯುವ ಜಮೀನಿನಲ್ಲಿ ಭತ್ತ, ಬಾಳೆ, ದ್ರಾಕ್ಷಿ ಬಿಟ್ಟು ಮೇವು ಬೆಳೆಯುವವರು ಎಷ್ಟು ಮಂದಿ? ಮಂದೆ ಕಾಯುವವರಲ್ಲಿ ಜಮೀನೇ ಇಲ್ಲದವರ ಪಾಡೇನು?

ದಾರಿ ಇದೆಯೇ?

ಮನೆಯಲ್ಲಿ ಎರಡು-ಮೂರು ಹಸು ಕಟ್ಟಿದವರಿಗೆ ಕಾಲು ಎಕರೆ ಮಸಾಲೆ ನಿಜಕ್ಕೂ ಲಾಭ, ಹಿಂಡಿ ಖರ್ಚು ಇಳಿಯುತ್ತದೆ. ಮಂದೆಗೆ ಬೇರೆಯದೇ ಏರ್ಪಾಡು ಬೇಕು. ತೆಂಗಿನ ತೋಟದ ನಡುವೆ ವೇಲಿ ಮಸಾಲ್ ಬೆಳೆದು, ಅದಕ್ಕೆ ಬದಲಾಗಿ ಮಂದೆ ತರುಬಿಸಿ ಗೊಬ್ಬರ ಪಡೆಯುವ ಒಪ್ಪಂದ ಇಬ್ಬರಿಗೂ ಅನುಕೂಲ. ನಮ್ಮ ಗೋಮಾಳದಂತೆ ಇಲ್ಲಿರುವ ಮೇಯ್ಚಲ್ ಪುರಂಬೋಕ್ಕು ಜಾಗಗಳನ್ನು ಒತ್ತುವರಿಯಿಂದ ಬಿಡಿಸಿ ಮೇವಿಗೆ ಕೊಡಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವ ಹಕ್ಕನ್ನೂ ಹೆಸರಿಸಿದೆ. ಗ್ರಾಮಸಭೆಯ ಮೂಲಕ ಅರ್ಜಿ ಹಾಕುವುದು ದನದವರ ಕೆಲಸ, ಅದನ್ನು ವಿಚಾರಿಸಿ ತೀರ್ಮಾನ ಹೇಳುವುದು ಸರ್ಕಾರದ ಹೊಣೆ.

ಹುಲಿಯೂ ಉಳಿಯಬೇಕು, ಆವೂ ಉಳಿಯಬೇಕು. ಕಾಡಿನ ಬಾಗಿಲು ಹಾಕುವವರು ಊರಿನಲ್ಲಿ ಮೇವಿನ ಜಾಗ ತೋರಿಸದಿದ್ದರೆ ಮಂದೆಗಳು ಒಂದೊಂದಾಗಿ ಸಂತೆಗೆ ಹೋಗುತ್ತವೆ. ಬೀಜದ ಪೊಟ್ಟಣ ಹಂಚಿದರೆ ಮಾತ್ರ ಅದು ನಿಲ್ಲೋದಿಲ್ಲ.