ಹಿರಿಯರ ಮಾತೂ ಸಾಕ್ಷ್ಯವೇ

ರಾಜಕೀಯ ಚಿಂತನೆಯೆಂದರೆ ಪ್ಲೇಟೋನಿಂದ ಮಾರ್ಕ್ಸ್‌ವರೆಗಿನ ಗ್ರಂಥಗಳ ವ್ಯಾಖ್ಯಾನವೆಂದೇ ನಮ್ಮ ಕಾಲೇಜುಗಳಲ್ಲಿ ಬಹುಕಾಲದಿಂದ ಬೋಧಿಸಲಾಗುತ್ತಿದೆ. ಅಧಿಕಾರ ಯಾರದು, ನ್ಯಾಯವೆಂದರೇನು ಎಂಬ ಪ್ರಶ್ನೆಗಳು ಅಲ್ಲಿ ಧಾರಾಳವಾಗಿವೆ. ಅವುಗಳ ಹಿಂದೆ ಅಡಗಿರುವ ಇನ್ನೊಂದು ಪ್ರಶ್ನೆ, ಬಲ್ಲವರು ಯಾರು, ಯಾರ ಅರಿವನ್ನು ಅರಿವೆಂದು ಒಪ್ಪಬೇಕು ಎಂಬುದು, ಪರೀಕ್ಷೆಯ ಪತ್ರಿಕೆಯಲ್ಲಿ ಅಪರೂಪ. ಮಲೆನಾಡಿನ ನಮಗಾದರೋ ಇದು ತರಗತಿಯ ವಿಷಯವಲ್ಲ. ಅರಣ್ಯ ಹಕ್ಕಿನ ಅರ್ಜಿ ಹಿಡಿದು ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಚೆನ್ನಾಗಿ ಪರಿಚಯವಿರುವ ಪ್ರಶ್ನೆ.

ಅಮೆರಿಕದ ರಾಜಕೀಯ ಶಾಸ್ತ್ರಜ್ಞ ಜೇಮ್ಸ್ ಸ್ಕಾಟ್ 1998ರಲ್ಲಿ ಪ್ರಕಟಿಸಿದ 'ಸೀಯಿಂಗ್ ಲೈಕ್ ಎ ಸ್ಟೇಟ್' ಕಾಡಿನಿಂದಲೇ ಆರಂಭವಾಗುತ್ತದೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಷ್ಯಾ ಮತ್ತು ಸ್ಯಾಕ್ಸನಿಯ ಅಧಿಕಾರಿಗಳು ಕಾಡನ್ನು ನಾಟಾ, ಸೌದೆಗಳ ಲೆಕ್ಕವಾಗಿ ಕಂಡರು. ಆ ಲೆಕ್ಕಕ್ಕೆ ಒಪ್ಪುವಂತೆ ಕ್ರಮೇಣ ಕಾಡನ್ನೇ ತಿದ್ದಿ, ಒಂದೇ ಜಾತಿಯ ಸ್ಪ್ರೂಸ್ ಮರಗಳನ್ನು ಸಾಲಾಗಿ ನೆಡಲಾಯಿತು. ಮೊದಲ ಕಟಾವು ಸಮೃದ್ಧವಾಗಿತ್ತು. ಎರಡನೆಯ ತಲೆಮಾರಿನ ಮರಗಳು ಸೊರಗಿದವು. ದರಗು, ಪೊದೆ, ಹುಳು, ಹಕ್ಕಿಗಳು ಲೆಕ್ಕದಲ್ಲಿ ಇರಲಿಲ್ಲವಲ್ಲ! ಅಕೇಶಿಯಾ ನೆಡುತೋಪುಗಳ ಮಗ್ಗುಲಲ್ಲಿ ಬದುಕುವ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪ್ರಭುತ್ವದ ಕಣ್ಣಿಗೆ ಬೀಳದ, ಕೈಯಿಂದ ಕೈಗೆ ದಾಟುವ ಇಂತಹ ಅನುಭವಜ್ಞಾನವನ್ನು ಸ್ಕಾಟ್ ಗ್ರೀಕರ 'ಮೆಟಿಸ್' ಎಂಬ ಪದದಿಂದ ಕರೆದರು.

ನಮ್ಮದೇ ರಾಜ್ಯದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು 'ತರಗು ಬೆಂಕಿ'ಯನ್ನು ಬಲ್ಲವರು. ಒಣಗಿದ ಎಲೆಗಳಿಗೆ ಹಚ್ಚುವ ಈ ಸಣ್ಣ ಬೆಂಕಿ ನೆಲದ ಮಟ್ಟದಲ್ಲೇ ಸುಟ್ಟು ಆರುತ್ತದೆ. 1974ರಲ್ಲಿ ಕಾಡು ಅಭಯಾರಣ್ಯವಾದ ಬಳಿಕ ಬೆಂಕಿಗೆ ನಿಷೇಧ ಬಿದ್ದಿತು. ಲಾಂಟಾನ ಹಬ್ಬಿದ್ದಕ್ಕೂ ನೆಲ್ಲಿಮರಗಳ ಮೇಲೆ ಬಂದಳಿಕೆ ಹೆಚ್ಚಿದ್ದಕ್ಕೂ ಈ ನಿಷೇಧವೇ ಕಾರಣವೆಂದು ಸೋಲಿಗರು ಹೇಳುತ್ತಲೇ ಬಂದರು. ಪರಿಸರ ವಿಜ್ಞಾನಿಗಳು ಆ ಮಾತನ್ನು ಗಂಭೀರವಾಗಿ ಆಲಿಸಿ ಪ್ರಬಂಧಗಳಲ್ಲಿ ದಾಖಲಿಸಿದ್ದು ಎಷ್ಟೋ ವರ್ಷಗಳ ನಂತರ. ಅಲ್ಲಿಯವರೆಗೆ ಅದು 'ನಂಬಿಕೆ' ಎನಿಸಿಕೊಂಡಿತ್ತು. ಹೇಳುವವರು ಬದಲಾದೊಡನೆ ಅದೇ ಮಾತು 'ಮಾಹಿತಿ'ಯಾಗುವುದು ರಾಜಕೀಯವಲ್ಲದೆ ಮತ್ತೇನು?

ಈ ದೃಷ್ಟಿಯಿಂದ 2006ರ ಅರಣ್ಯ ಹಕ್ಕು ಕಾಯ್ದೆಯನ್ನು ರಾಜಕೀಯ ಶಾಸ್ತ್ರದ ಪಠ್ಯವಾಗಿಯೂ ಓದಬೇಕೆಂಬುದು ನನ್ನ ಅಭಿಮತ. ಅದರಡಿ 2008ರಲ್ಲಿ ಜಾರಿಗೆ ಬಂದ ನಿಯಮಾವಳಿಯ 13ನೆಯ ನಿಯಮವು ಸರಕಾರಿ ದಾಖಲೆಗಳ ಜೊತೆಗೆ ಬಾವಿ, ಸ್ಮಶಾನ, ಪವಿತ್ರ ಸ್ಥಳಗಳನ್ನೂ, ಅರ್ಜಿದಾರರಲ್ಲದ ಹಿರಿಯರ ಬರೆದುಕೊಂಡ ಹೇಳಿಕೆಯನ್ನೂ ಸಾಕ್ಷ್ಯವೆಂದು ಮಾನ್ಯ ಮಾಡಿದೆ. ಕಾಗದವೇ ಇಲ್ಲದ ಊರಿನ ನೆನಪಿಗೆ ಕಾನೂನು ಕೊಟ್ಟ ಸ್ಥಾನವಿದು. ಯಾವುದೋ ಒಂದೇ ಬಗೆಯ ದಾಖಲೆಗಾಗಿ ಮೇಲಿನ ಸಮಿತಿಗಳು ಪಟ್ಟು ಹಿಡಿಯಕೂಡದೆಂದು 2012ರ ತಿದ್ದುಪಡಿ ಸ್ಪಷ್ಟಪಡಿಸಿತು. ಆದರೂ 75 ವರ್ಷಗಳ ಹಿಂದಿನ ಕಾಗದ ತನ್ನಿರೆಂಬ ಉತ್ತರ ನಮ್ಮ ಕಿವಿಗೆ ಹೊಸತಲ್ಲ.

ಒಡಿಶಾದ ನಿಯಮಗಿರಿಯಲ್ಲಿ ಇದೇ ಕಾಯ್ದೆ ಇನ್ನೂ ದೂರ ಸಾಗಿತು. ಬಾಕ್ಸೈಟ್ ಗಣಿಯ ವಿಷಯದಲ್ಲಿ 2013ರ ಏಪ್ರಿಲ್ 18ರಂದು ಸರ್ವೋಚ್ಚ ನ್ಯಾಯಾಲಯವು ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಟ್ಟಿತು. ಆ ವರ್ಷದ ಮಳೆಗಾಲದಲ್ಲಿ 12 ಗ್ರಾಮಸಭೆಗಳು ಸೇರಿದವು. ಬೆಟ್ಟವೇ ನಿಯಮರಾಜನ ನೆಲೆಯೆಂದು ಡೋಂಗ್ರಿಯಾ ಕೊಂಧರು ನುಡಿದರು. ತೊರೆಗಳ ಮಾತು ಬಂದಿತು, ಬೆಳೆಯ ಮಾತು ಬಂದಿತು. ಹನ್ನೆರಡೂ ಸಭೆಗಳು ಗಣಿಗೆ ಬೇಡವೆಂದವು. ಪರಿಣತರ ವರದಿಗಳಿಗೆ ಮಾತ್ರ ಬೆಲೆಯಿದ್ದ ಕಡೆ ಹಳ್ಳಿಯ ಮಾತು ನಿರ್ಣಾಯಕವಾಯಿತು.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ಒಂದು ನೋಟ ಹರಿಸಬೇಕು. ಸ್ಥಳೀಯ ಜ್ಞಾನವೆಂದು ನಾವು ಕೊಂಡಾಡುವುದರಲ್ಲಿ ಯಾರ ಜ್ಞಾನವಿದೆ? ಉತ್ತರ ಕನ್ನಡದ ಸೊಪ್ಪಿನಬೆಟ್ಟದ ಸೌಲಭ್ಯ ಅಡಿಕೆ ತೋಟವುಳ್ಳವರಿಗೆ ಸೇರಿದ್ದು. ಸೊಪ್ಪು ಕಡಿದು ಹೊರೆ ಹೊತ್ತ ಭೂಹೀನರಿಗೆ ಬೆಟ್ಟದ ಮೇಲೆ ಹಕ್ಕಿರಲಿಲ್ಲ. ಯಾವ ಮರ ಎಷ್ಟು ಬೇಗ ಚಿಗುರುತ್ತದೆಂಬುದನ್ನು ಬಲ್ಲವರು ಬಹುಶಃ ಅವರೇ. 'ಹಿರಿಯರು' ಎಂದೊಡನೆ ನಮ್ಮ ಕಣ್ಣ ಮುಂದೆ ಬರುವವರು ಜಗಲಿಯ ಮೇಲೆ ಕುಳಿತ ಗಂಡಸರು. ಸೌದೆಗೆ, ಅಣಬೆಗೆ, ಔಷಧಿಯ ಬೇರಿಗೆ ದಿನವೂ ಕಾಡು ಹೊಕ್ಕವರ ಹೇಳಿಕೆಯನ್ನು ನಮ್ಮ ಅರಣ್ಯ ಹಕ್ಕು ಸಮಿತಿಗಳು ಎಷ್ಟು ಬಾರಿ ಬರೆದುಕೊಂಡಿವೆ? ಸಮಿತಿಗಳಲ್ಲಿ ಮೂರನೆಯ ಒಂದು ಭಾಗವಾದರೂ ಮಹಿಳೆಯರಿರಬೇಕೆಂಬ ನಿಯಮವೇನೋ ಇದೆ. ಮುಂದಿನ ಗ್ರಾಮಸಭೆಗೆ ಹೋಗುವ ವಿದ್ಯಾರ್ಥಿ ಮಿತ್ರರು ನಡಾವಳಿ ಪುಸ್ತಕವನ್ನು ತೆರೆದು, ಅಲ್ಲಿ ಯಾರ ಮಾತು ದಾಖಲಾಗಿದೆ, ಯಾರದು ಬರಿಯ ಹೆಬ್ಬೆಟ್ಟಿನ ಗುರುತಾಗಿ ಉಳಿದಿದೆ ಎಂಬುದನ್ನು ನೋಡಲಿ.